ಗ್ಯಾಸ್ ಒತ್ತಡ ನೋಡಿ ಬರ್ನರ್ ಕಾವು ಅಳೆಯೋದು ಹೇಗೆ?

ಇಂಡಿ, ಸಿಂದಗಿ ಕಡೆ ಮದುವೆ ಅಡುಗೆಯ ದೊಡ್ಡ ಬರ್ನರ್ ನೋಡಿದ್ದೀರಲ್ಲ? ಅದರ ಕಾವನ್ನ ಒತ್ತಡದ ಗೇಜಿನಿಂದಲೇ ಅಂದಾಜು ಮಾಡಬಹುದು. ಗೇಜು ವಾಲ್ವ್ ದಾಟಿ, ಜೆಟ್‌ಗಿಂತ ಮುಂಚೆ ಇರಬೇಕು. ಬೆಂಕಿ ಉರಿಯುತ್ತಿರುವಾಗಲೇ ಓದಬೇಕು. ಸಿಲಿಂಡರಿನೊಳಗಿನ ಒತ್ತಡ ಈ ಕೆಲಸಕ್ಕೆ ಬಾರದು. ಅದು ಬಿಸಿಲಿಗೆ ತಕ್ಕಂತೆ ಏರುತ್ತೆ, ಮೇ ತಿಂಗಳ ಮುದ್ದೇಬಿಹಾಳದಲ್ಲಂತೂ ಕೇಳಲೇಬೇಡಿ!

ಈಗ ಲೆಕ್ಕ. ಕಡಿಮೆ ಒತ್ತಡದ ಬರ್ನರ್‌ಗಳಲ್ಲಿ ಒತ್ತಡ ಎರಡು ಪಟ್ಟಾದರೂ ಕಾವು ಏರೋದು ಸುಮಾರು 1.4 ಪಟ್ಟು ಅಷ್ಟೇ. 30 ಮಿಲಿಬಾರ್‌ಗೆ 10 ಕಿಲೋವ್ಯಾಟ್ ಕೊಡುವ ಬರ್ನರಿನಿಂದ 20 ಬೇಕಾದರೆ ಒತ್ತಡ 120 ಆಗಬೇಕು. ಜೆಟ್ಟಿನ ತೂತು ಸವೆದಿದ್ದರೆ ಈ ಲೆಕ್ಕವೂ ತಲೆಕೆಳಗು. ನನಗಂತೂ ತೂಕದ ಮೇಲೇ ಹೆಚ್ಚು ನಂಬಿಕೆ: ಸಿಲಿಂಡರನ್ನ ಕಾಟಾ ಮೇಲಿಟ್ಟು ಒಂದು ತಾಸು ಉರಿಸಿ. 1 ಕಿಲೋ ಇಳಿದರೆ ಸುಮಾರು 12.8 ಕಿಲೋವ್ಯಾಟ್. ಗೇಜಿನ ಅಂದಾಜಿಗೆ ತಾಳೆ ನೋಡಿ.