ಅಚ್ಚಿಗೆ ಹೋಗುವ ಚಿತ್ರ: 300 ಡಿಪಿಐ ಎಂಬ ಗೊಂದಲ

“ನಿಮ್ಮ ಚಿತ್ರಗಳು 300 ಡಿಪಿಐ ಇಲ್ಲ, ಸರಿಪಡಿಸಿ ಕಳಿಸಿ.” ಸಂಶೋಧನ ಪತ್ರಿಕೆಗಳಿಗೆ ಲೇಖನ ಬರೆಯುವವರಲ್ಲಿ ಈ ಸಾಲನ್ನು ಓದದವರು ಕಡಿಮೆ. ಓದಿದ ಮೇಲೆ ಮಾಡುವ ಕೆಲಸವೂ ಗೊತ್ತಿದ್ದದ್ದೇ. ಫೋಟೊಶಾಪ್‌ನಲ್ಲೋ ಗಿಂಪ್‌ನಲ್ಲೋ ಚಿತ್ರ ತೆರೆದು, ರೆಸಲ್ಯೂಷನ್ ಎಂದಿರುವ ಕಡೆ 72 ಅಳಿಸಿ 300 ಎಂದು ಬರೆದು, ಸೇವ್ ಮಾಡಿ ಮತ್ತೆ ಕಳಿಸುತ್ತಾರೆ. ಚಿತ್ರ ಇದ್ದ ಹಾಗೇ ಇರುತ್ತದೆ, ಸಂಪಾದಕರ ತಕರಾರೂ ಇದ್ದ ಹಾಗೇ ಇರುತ್ತದೆ. ಈ ಅಧ್ಯಾಯದ ಬಹುಪಾಲನ್ನು ಈ ಒಂದು ಎಡವಟ್ಟಿಗೇ ಮೀಸಲಿಡುತ್ತೇನೆ. ಇದೊಂದು ಬಗೆಹರಿದರೆ ಉಳಿದದ್ದು ಸಲೀಸು.

ಡಿಜಿಟಲ್ ಫೋಟೊ ಎಂದರೆ ಸಾಲುಸಾಲಾಗಿ ಜೋಡಿಸಿದ ಬಣ್ಣದ ಚೌಕಗಳು. ಒಂದೊಂದು ಚೌಕವೂ ಒಂದು ಪಿಕ್ಸೆಲ್. 12 ಮೆಗಾಪಿಕ್ಸೆಲ್ ಫೋನಿನ ಫೋಟೊದಲ್ಲಿ ಅಡ್ಡಕ್ಕೆ ಸುಮಾರು 4000, ಉದ್ದಕ್ಕೆ ಸುಮಾರು 3000 ಪಿಕ್ಸೆಲ್ ಇರುತ್ತವೆ. ಇಷ್ಟೇ ಅದರ ಆಸ್ತಿ. ಅದಕ್ಕೆ ತನ್ನದೇ ಆದ ಇಂಚು, ಸೆಂಟಿಮೀಟರ್ ಇಲ್ಲ. ಕಾಗದದ ಮೇಲೆ ಎಷ್ಟು ಅಗಲಕ್ಕೆ ಅಚ್ಚಾಗಬೇಕು ಎಂದು ತೀರ್ಮಾನವಾದ ಮೇಲಷ್ಟೇ ಇಂಚಿಗೆ ಎಷ್ಟು ಪಿಕ್ಸೆಲ್ ಎಂಬ ಮಾತು, ಅಂದರೆ ಸಂಪಾದಕರು ಹೇಳುವ ಡಿಪಿಐ, ಹುಟ್ಟುತ್ತದೆ. ಫೈಲಿನೊಳಗೆ ನಮೂದಾಗಿರುವ 72 ಅಥವಾ 300 ಬರೀ ಸೂಚನೆ. ಈ 72ರ ಮೂಲ 1984ರ ಆ್ಯಪಲ್ ಮ್ಯಾಕಿಂತೋಷ್. ಅಕ್ಷರದ ಅಳತೆಯಲ್ಲಿ ಇಂಚಿಗೆ 72 ಪಾಯಿಂಟ್ ಎಂಬ ಲೆಕ್ಕಕ್ಕೆ ಹೊಂದುವಂತೆ ಅದರ ಪರದೆಯಲ್ಲಿ ಇಂಚಿಗೆ 72 ಪಿಕ್ಸೆಲ್ ಇದ್ದವು. ಆ ಪರದೆಗಳು ಹೋಗಿ ಎಷ್ಟೋ ಕಾಲವಾಯಿತು, ಸಂಖ್ಯೆ ಮಾತ್ರ ಫೈಲುಗಳಿಗೆ ಅಂಟಿಕೊಂಡೇ ಬಂದಿದೆ.

ಆದ್ದರಿಂದ ಡಿಪಿಐ ನೋಡುವ ಮೊದಲು ಪತ್ರಿಕೆಯ ಕಾಲಂ ಅಗಲ ಎಷ್ಟು ಎಂದು ಕೇಳಿ. ‘ನೇಚರ್’ ಪತ್ರಿಕೆಯಲ್ಲಿ ಒಂದು ಕಾಲಂ ಚಿತ್ರ 89 ಮಿಲಿಮೀಟರ್, ಎರಡು ಕಾಲಂ ಚಿತ್ರ 183 ಮಿಲಿಮೀಟರ್. 89 ಮಿಲಿಮೀಟರ್ ಎಂದರೆ 3.5 ಇಂಚು. ಅದನ್ನು 300ರಿಂದ ಗುಣಿಸಿದರೆ 1050 ಪಿಕ್ಸೆಲ್ ಅಗಲ ಬೇಕಾಯಿತು. ಎರಡು ಕಾಲಮ್ಮಿಗೆ ಸುಮಾರು 2160. ನಿಮ್ಮ ಫೋನಿನ 4000 ಪಿಕ್ಸೆಲ್ ಫೋಟೊ, ಒಳಗೆ 72 ಎಂದು ಬರೆದಿದ್ದರೂ, ಎರಡಕ್ಕೂ ಧಾರಾಳವಾಯಿತು. ಅಂತರ್ಜಾಲದಿಂದ ಇಳಿಸಿಕೊಂಡ 600 ಪಿಕ್ಸೆಲ್ ಚಿತ್ರ, ಒಳಗೆ 300 ಎಂದು ಬರೆದಿದ್ದರೂ, 2 ಇಂಚು ದಾಟಿದರೆ ಮಸುಕಾಗುತ್ತದೆ.

ಕೆಲವರು ರೆಸಲ್ಯೂಷನ್ ಬದಲಿಸುವ ಕಿಟಕಿಯಲ್ಲೇ ‘ರೀಸ್ಯಾಂಪಲ್’ ಎಂಬುದಕ್ಕೂ ಟಿಕ್ ಹಾಕಿರುತ್ತಾರೆ. ಆಗ 600 ಪಿಕ್ಸೆಲ್ ಅಗಲ ನಿಜವಾಗಿಯೂ 2500 ಆಗುತ್ತದೆ, ಫೈಲೂ ದಪ್ಪಗಾಗುತ್ತದೆ, ಸಂತೋಷವೂ ಆಗುತ್ತದೆ. ಹೊಸ ಪಿಕ್ಸೆಲ್‌ಗಳು ಎಲ್ಲಿಂದ ಬಂದವು? ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ನೋಡಿ ತಂತ್ರಾಂಶ ಅಂದಾಜಿನಲ್ಲಿ ತುಂಬಿದ್ದು. ಮಜ್ಜಿಗೆಗೆ ನೀರು ಸುರಿದರೆ ಲೋಟಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಮೊಸರು ಹೆಚ್ಚುವುದಿಲ್ಲ.

ಅದಿರಲಿ, 300ನ್ನೇ ಏಕೆ ಕೇಳುತ್ತಾರೆ? ಇಡೀ ಮುದ್ರಣಶಾಸ್ತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ ಈ ಪ್ರಶ್ನೆಯ ಹಿಂದೆ ಇದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಆಫ್‌ಸೆಟ್ ಯಂತ್ರಕ್ಕೆ ಬೂದು ಬಣ್ಣವೇ ಗೊತ್ತಿಲ್ಲ. ಪ್ಲೇಟಿನ ಮೇಲೆ ಒಂದು ಜಾಗ ಶಾಯಿ ಹಿಡಿಯುತ್ತದೆ, ಇನ್ನೊಂದು ಹಿಡಿಯುವುದಿಲ್ಲ. ಅರ್ಧಂಬರ್ಧ ಶಾಯಿ ಎಂಬುದಿಲ್ಲ. ಆದರೂ ಅಚ್ಚಾದ ಫೋಟೊದಲ್ಲಿ ಮೋಡಕ್ಕೂ ನೆರಳಿಗೂ ಹತ್ತಾರು ಛಾಯೆಗಳು ಕಾಣುತ್ತವಲ್ಲ, ಅದು ಹಾಫ್‌ಟೋನ್ ಮಾಡುವ ಕಣ್ಕಟ್ಟು. ಫೋಟೊವನ್ನು ಸಮಾನ ಅಂತರದ ಚುಕ್ಕಿಗಳಾಗಿ ಒಡೆಯುತ್ತಾರೆ. ಕಪ್ಪಿರುವ ಕಡೆ ದೊಡ್ಡ ಚುಕ್ಕಿ, ತಿಳಿಯಾದ ಕಡೆ ಸಣ್ಣ ಚುಕ್ಕಿ. ಎಲ್ಲದರಲ್ಲೂ ಶಾಯಿ ಒಂದೇ, ಕಪ್ಪೂ ಒಂದೇ. ಚುಕ್ಕಿ ಮತ್ತು ಬಿಳಿ ಕಾಗದ ಕಣ್ಣಿನಲ್ಲಿ ಬೆರೆತು ಬೂದಾಗುತ್ತದೆ. ನುಣುಪಾದ ಆರ್ಟ್ ಪೇಪರ್ ಮೇಲೆ ಇಂಚಿಗೆ ಸುಮಾರು 150 ಸಾಲು ಚುಕ್ಕಿ ಹಾಕಬಹುದು. ನ್ಯೂಸ್‌ಪ್ರಿಂಟ್ ಶಾಯಿ ಹೀರಿ ಚುಕ್ಕಿಯನ್ನು ಅಗಲ ಮಾಡಿಬಿಡುವುದರಿಂದ ಅಲ್ಲಿ 85ರಿಂದ 100.

ಒಂದೊಂದು ಚುಕ್ಕಿಯ ಗಾತ್ರವನ್ನು ಅದರ ಪಾಲಿಗೆ ಬಂದ ಪಿಕ್ಸೆಲ್‌ಗಳು ನಿರ್ಧರಿಸುತ್ತವೆ. ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು, ಹೀಗೆ ನಾಲ್ಕು ಪಿಕ್ಸೆಲ್ ಸಿಕ್ಕರೆ ಲೆಕ್ಕ ಭದ್ರ. 150 ಸಾಲಿನ ಎರಡರಷ್ಟು ಎಂದರೆ 300. ಸಂಪಾದಕರು ಕೇಳುವ ಸಂಖ್ಯೆ ಬಂದದ್ದು ಇಲ್ಲಿಂದ. ಅದೇನೂ ಶಾಸನವಲ್ಲ. ಒಂದೂವರೆಯಷ್ಟಿದ್ದರೂ, ಅಂದರೆ 225ಕ್ಕೂ, ಸಾಮಾನ್ಯ ಫೋಟೊ ಚೆನ್ನಾಗಿಯೇ ಬರುತ್ತದೆ. ನ್ಯೂಸ್‌ಪ್ರಿಂಟಿಗೆ 200 ಸಾಕು. ಫೋಟೊಗೆ 600 ಕೊಟ್ಟರೆ ಎರಡರಷ್ಟು ಚಂದ ಬರುವುದಿಲ್ಲ, ಹೆಚ್ಚುವರಿ ಪಿಕ್ಸೆಲ್‌ಗಳೆಲ್ಲ ಅದೇ ಚುಕ್ಕಿಯಲ್ಲಿ ಕರಗಿಹೋಗುತ್ತವೆ.

ಇದೇ ಹೊತ್ತಿಗೆ ಪ್ರೆಸ್ಸಿನವರು “ನಮ್ಮ ಸಿಟಿಪಿ 2400 ಡಿಪಿಐ” ಎಂದು ಹೇಳಿ ಗೊಂದಲ ಹೆಚ್ಚಿಸುತ್ತಾರೆ. ಸಿಟಿಪಿ ಎಂದರೆ ಕಂಪ್ಯೂಟರಿನಿಂದ ನೇರವಾಗಿ ಪ್ಲೇಟು ತೆಗೆಯುವ ಯಂತ್ರ. ಅವರು ಹೇಳುವುದು ಲೇಸರ್ ಬಿಂದುಗಳ ಲೆಕ್ಕ. 2400ನ್ನು 150ರಿಂದ ಭಾಗಿಸಿ: 16. ಒಂದು ಹಾಫ್‌ಟೋನ್ ಚುಕ್ಕಿಯ ಮನೆಯೊಳಗೆ 16 ಅಡ್ಡ, 16 ಉದ್ದ, ಒಟ್ಟು 256 ಲೇಸರ್ ಬಿಂದುಗಳಿಗೆ ಜಾಗ. ಒಂದನ್ನೂ ತುಂಬದಿದ್ದರೆ ಬಿಳಿ, ಎಲ್ಲವನ್ನೂ ತುಂಬಿದರೆ ಕಪ್ಪು, 128 ತುಂಬಿದರೆ ನಡುಬೂದು. 8 ಬಿಟ್ ಕಪ್ಪುಬಿಳುಪು ಫೋಟೊದ ಒಂದು ಪಿಕ್ಸೆಲ್‌ಗೆ ಇರುವ ಛಾಯೆಗಳೂ 256! ಈ ಲೆಕ್ಕ ಮೊದಲ ಸಲ ಹೊಂದಿದಾಗ ಆಗುವ ಖುಷಿಯನ್ನು ನಾನು ಬೇರೆಯವರ ಮುಖದಲ್ಲಿ ನೋಡಲು ಇವತ್ತಿಗೂ ಕಾಯುತ್ತೇನೆ.

ಹಾಫ್‌ಟೋನ್ ಅರ್ಥವಾದರೆ ಇನ್ನೊಂದು ಒಗಟು ತಾನಾಗಿ ಬಿಡುತ್ತದೆ. ಅಷ್ಟೊಂದು ವಿವರವಿರುವ ಫೋಟೊಗೆ 300 ಕೇಳುವ ಪತ್ರಿಕೆ ನಾಲ್ಕು ಗೆರೆಯ ಗ್ರಾಫ್‌ಗೆ 1000, 1200 ಏಕೆ ಕೇಳುತ್ತದೆ? ಅಪ್ಪಟ ಕಪ್ಪು ಗೆರೆಯನ್ನು ಚುಕ್ಕಿಯಾಗಿ ಒಡೆಯುವುದಿಲ್ಲ, ಅದರ ಅಂಚು ಇದ್ದಂತೆಯೇ ಪ್ಲೇಟಿಗೆ ಹೋಗುತ್ತದೆ. ಪಿಕ್ಸೆಲ್ ದೊಡ್ಡದಾದರೆ ಓರೆಗೆರೆಯಲ್ಲಿ ಮೆಟ್ಟಿಲು ಕಾಣುತ್ತದೆ. ಗ್ರಾಫ್, ನಕ್ಷೆಗಳನ್ನು ಪಿಕ್ಸೆಲ್ ಮಾಡದೆ ವೆಕ್ಟರ್ ರೂಪದಲ್ಲೇ, ಪಿಡಿಎಫ್ ಅಥವಾ ಇಪಿಎಸ್ ಆಗಿ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು. ಚಿತ್ರದೊಳಗಿನ ಕನ್ನಡವನ್ನು ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಹಾಕಿದ್ದರೆ ಅಕ್ಷರಗಳನ್ನು ಔಟ್‌ಲೈನ್ ಮಾಡಿಬಿಡಿ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ‘ಮಳೆಯ ಪ್ರಮಾಣ’ ಹೋಗಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ.

ನಮ್ಮ ಇತಿಹಾಸ ಪತ್ರಿಕೆಗಳಿಗೆ ಬರುವ ಶಾಸನದ ಪಡಿಯಚ್ಚು ಫೋಟೊಗೂ ಗೆರೆಚಿತ್ರಕ್ಕೂ ನಡುವಿನದು: ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಕಪ್ಪು-ಬಿಳುಪು ಎರಡೇ ಅಲ್ಲವೇ ಎಂದು ಸ್ಕ್ಯಾನರಿನಲ್ಲಿ ‘ಬ್ಲ್ಯಾಕ್ ಅಂಡ್ ವೈಟ್’ ಆರಿಸಬೇಡಿ. ಆಗ ಪ್ರತಿ ಪಿಕ್ಸೆಲ್ಲೂ ಒಂದೋ ಕಪ್ಪು, ಇಲ್ಲವೇ ಬಿಳಿ ಆಗಲೇಬೇಕು. ಸವೆದ ಕಲ್ಲಿನ ಮಸುಕು ಗೆರೆ, ತೆಳುವಾದ ಒತ್ತು ಸದ್ದಿಲ್ಲದೆ ಮಾಯವಾಗುತ್ತವೆ. ‘ಗ್ರೇಸ್ಕೇಲ್’ ಆರಿಸಿ 600ರಲ್ಲಿ ಸ್ಕ್ಯಾನ್ ಮಾಡಿ. ಪಡಿಯಚ್ಚು ಸಿಗದೆ ಹಳೆಯ ಪುಸ್ತಕದ ಹಾಫ್‌ಟೋನ್ ಚಿತ್ರವನ್ನೇ ಸ್ಕ್ಯಾನ್ ಮಾಡಬೇಕಾಗಿ ಬಂದರೆ ‘ಡಿಸ್ಕ್ರೀನ್’ ಬಳಸಿ. ಇಲ್ಲವಾದರೆ ಹಳೆಯ ಚುಕ್ಕಿಸಾಲಿನ ಮೇಲೆ ಹೊಸ ಚುಕ್ಕಿಸಾಲು ಕೂತು, ಮೊಯ್ರೇ ಎಂಬ ಅಲೆಅಲೆಯ ವಿನ್ಯಾಸ ಇಡೀ ಚಿತ್ರವನ್ನು ನುಂಗುತ್ತದೆ.

ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ತುಂಡುಗಳಾಗಿಸಿ ಸೂಕ್ಷ್ಮ ವಿವರ ಬಿಸಾಡುತ್ತದೆ. ತಿದ್ದಿ ಸೇವ್ ಮಾಡಿದಷ್ಟೂ ಸಲ ಇನ್ನಷ್ಟು. ಕೆಲಸವೆಲ್ಲ ಟಿಫ್‌ನಲ್ಲಿ ನಡೆಯಲಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ವರ್ಡ್‌ನೊಳಗೆ ಅಂಟಿಸಿ ಕಳಿಸಲೇಬೇಡಿ, ಸೇವ್ ಮಾಡುವಾಗ ಅದೂ ಕುಗ್ಗಿಸುತ್ತದೆ. ಪರದೆಯ ಆರ್‌ಜಿಬಿ ಬೆಳಕಿನ ಬಣ್ಣ, ಅಚ್ಚಿನ ಸಿಎಂವೈಕೆ ಶಾಯಿಯ ಬಣ್ಣ. ಮಿಂಚುವ ಹಸಿರು, ಗಾಢ ನೀಲಿ ಕಾಗದದಲ್ಲಿ ಮಂಕಾಗುವುದನ್ನು ಯಾವ ಪ್ರೆಸ್ಸೂ ತಪ್ಪಿಸಲಾರದು. ಚಿತ್ರದ ಮೇಲಿನ ಕಪ್ಪು ಅಕ್ಷರ ಕಪ್ಪು ಪ್ಲೇಟಿನಲ್ಲಿ ಮಾತ್ರ ಇರಲಿ. ನಾಲ್ಕೂ ಬಣ್ಣದಲ್ಲಿದ್ದರೆ ಕಾಗದ ಕೂದಲೆಳೆಯಷ್ಟು ಸರಿದರೂ ಅಕ್ಷರದ ಸುತ್ತ ಬಣ್ಣದ ಅಂಚು ಮೂಡುತ್ತದೆ. ಸೂಕ್ಷ್ಮದರ್ಶಕದ ಚಿತ್ರಕ್ಕೆ ‘400 ಪಟ್ಟು’ ಎಂದು ಅಡಿಬರಹ ಕೊಟ್ಟರೆ ಪುಟಕ್ಕೆ ಹೊಂದಿಸಲು ಚಿತ್ರ ಕಿರಿದಾದ ಕೂಡಲೇ ಅದು ಸುಳ್ಳಾಗುತ್ತದೆ. ಚಿತ್ರದೊಳಗೇ ಅಳತೆಪಟ್ಟಿ ಹಾಕಿ.

ಒಂದು ವಿಷಯದಲ್ಲಿ ಮಾತ್ರ ನನ್ನದು ಕಟ್ಟುನಿಟ್ಟು. ಬೆಳಕು, ಕಾಂಟ್ರಾಸ್ಟ್ ಬದಲಿಸುವುದಾದರೆ ಇಡೀ ಚಿತ್ರಕ್ಕೆ ಒಂದೇ ಸಮನಾಗಿ ಬದಲಿಸಿ. ಶಾಸನದಲ್ಲಿ ನಿಮಗೆ ಬೇಕಾದ ಅಕ್ಷರವನ್ನಷ್ಟೇ ಎದ್ದು ಕಾಣಿಸಿದರೆ ಕಲ್ಲಿನ ಬಿರುಕೂ ಒತ್ತಾಗಿಬಿಡುತ್ತದೆ, ಓದು ನಿಮ್ಮದಾಗುತ್ತದೆ, ಕಲ್ಲಿನದಲ್ಲ. ಜೀವವಿಜ್ಞಾನದಲ್ಲಿ ಇದು ದೊಡ್ಡ ರಗಳೆಯೇ ಆಗಿದೆ. ‘ಜರ್ನಲ್ ಆಫ್ ಸೆಲ್ ಬಯಾಲಜಿ’ ಒಪ್ಪಿದ ಲೇಖನಗಳ ಚಿತ್ರಗಳನ್ನು 2002ರಿಂದಲೇ ತಪಾಸಣೆಗೆ ಒಡ್ಡಿತು. ಎಲಿಸಬೆತ್ ಬಿಕ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20,621 ಲೇಖನಗಳನ್ನು ನೋಡಿದಾಗ 3.8% ಲೇಖನಗಳಲ್ಲಿ ಅನುಚಿತವಾಗಿ ಮರುಬಳಸಿದ ಚಿತ್ರಗಳು ಸಿಕ್ಕವು. ಕ್ಯಾಮೆರಾದಿಂದ ಬಂದ ಮೂಲ ಫೈಲನ್ನು ಮುಟ್ಟದೆ ಪ್ರತ್ಯೇಕವಾಗಿ ಇಟ್ಟುಕೊಳ್ಳಿ. ಸಂಪಾದಕರು ಕೇಳಿದ ದಿನ ತೋರಿಸಲು ಬೇಕಾಗುತ್ತದೆ.

ಬಣ್ಣದ ನಾಲ್ಕು ಪ್ಲೇಟುಗಳ ಚುಕ್ಕಿಸಾಲುಗಳನ್ನು ಬೇರೆ ಬೇರೆ ಕೋನಕ್ಕೆ ಏಕೆ ತಿರುಗಿಸುತ್ತಾರೆ, ಕಪ್ಪಿಗೆ 45 ಡಿಗ್ರಿಯೇ ಏಕೆ, ಐಸಿಸಿ ಪ್ರೊಫೈಲ್ ಎಂದರೇನು ಎಂಬುದನ್ನೆಲ್ಲ ಈ ಕಿರುಹೊತ್ತಿಗೆಯಲ್ಲಿ ಹಿಡಿಸಲು ಆಗಲಿಲ್ಲ. ಅದನ್ನು ನೀವೇ ಬೆನ್ನಟ್ಟಬೇಕು. ಒಂದು ಭೂತಗನ್ನಡಿ ಕೊಂಡು ಇವತ್ತಿನ ದಿನಪತ್ರಿಕೆಯ ಫೋಟೊವನ್ನೂ ಒಳ್ಳೆಯ ವಾರಪತ್ರಿಕೆಯ ಮುಖಪುಟವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಮೇಲೆ ಹತ್ತಿರದ ಆಫ್‌ಸೆಟ್ ಪ್ರೆಸ್ಸಿಗೆ ಹೋಗಿ, ಕೆಲಸ ಬಿಡುವಾದ ಹೊತ್ತು ನೋಡಿಕೊಂಡು, ಪ್ಲೇಟು ತೋರಿಸಿ ಎಂದು ಕೇಳಿ.