ಲಾರಿ ಢಿಕ್ಕಿಯಾದ ಮೇಲೆ: ಗಾಯಾಳುವಿನ ಹಕ್ಕು, ಮನೆಯವರ ಹೊಣೆ

ಕುಲಶೇಖರದ ರಸ್ತೆ ದಾಟುವವರಿಗೆ ಲಾರಿಯ ಭಯವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಂತೂರು, ಬಿಕರ್ನಕಟ್ಟೆ ದಾಟಿ ಕುಲಶೇಖರ, ವಾಮಂಜೂರು, ಗುರುಪುರ ಕೈಕಂಬದ ಮೂಲಕ ಮೂಡುಬಿದಿರೆ, ಕಾರ್ಕಳದತ್ತ ಸಾಗುವ ಈ ದಾರಿ ಹಿಂದೆ 13ನೇ ನಂಬರಿನ ರಾಷ್ಟ್ರೀಯ ಹೆದ್ದಾರಿಯಾಗಿತ್ತು, ಈಗ 169. ಬಂದರಿನ ಸರಕು, ಹಾಲು ಒಕ್ಕೂಟದ ಡೈರಿಯ ಟ್ಯಾಂಕರ್, ಜಲ್ಲಿ-ಮರಳಿನ ಟಿಪ್ಪರ್, ನಡುನಡುವೆ ಶಾಲಾ ಮಕ್ಕಳು, ಸ್ಕೂಟರಿನಲ್ಲಿ ಮೀನು ಮಾರುವವರು, ಬಸ್ಸಿಗೆ ಕಾಯುವ ಮಹಿಳೆಯರು. ಎಲ್ಲರಿಗೂ ಇದೇ ರಸ್ತೆ.

ಅಪಘಾತವಾದಾಗ ಜನ ಓಡಿ ಬರುತ್ತಾರೆ, ಆಸ್ಪತ್ರೆಗೆ ಸೇರಿಸುತ್ತಾರೆ, ರಕ್ತ ಕೊಡುತ್ತಾರೆ. ಆ ವಿಷಯದಲ್ಲಿ ನಮ್ಮೂರು ಹಿಂದೆ ಬಿದ್ದಿಲ್ಲ. ಆದರೆ ಆಮೇಲೆ? ದುಡಿಯುವ ಕೈ ಹಾಸಿಗೆ ಹಿಡಿದರೆ ಮನೆಯ ಒಲೆ ಉರಿಯುವುದು ಹೇಗೆ? ಆಭರಣ ಅಡವಿಟ್ಟು, ಸಂಬಂಧಿಕರಲ್ಲಿ ಸಾಲ ಮಾಡಿ ಬಿಲ್ಲು ಕಟ್ಟುವ ಅನೇಕ ಕುಟುಂಬಗಳಿಗೆ ಕಾನೂನು ತಮಗೆ ಏನು ಕೊಟ್ಟಿದೆ ಎಂಬುದೇ ಗೊತ್ತಿರುವುದಿಲ್ಲ. ಗೊತ್ತಾಗುವಷ್ಟರಲ್ಲಿ ದಾಖಲೆ ಕೆಟ್ಟಿರುತ್ತದೆ, ಇಲ್ಲವೇ ಅವಧಿ ಮೀರಿರುತ್ತದೆ.

ಮೊದಲ ಮಾತು ಆಸ್ಪತ್ರೆಯಲ್ಲಿ

ಅಪಘಾತದ ಗಾಯಾಳುವಿಗೆ ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ. ಪೊಲೀಸರು ಬರಲಿ ಎಂದು ಕಾಯುವಂತೆಯೂ ಇಲ್ಲ. ಇದನ್ನು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಗಾಯಾಳುವನ್ನು ಕರೆತಂದವರನ್ನು ಸಾಕ್ಷಿಯಾಗುವಂತೆ ಬಲವಂತಪಡಿಸಬಾರದು, ಅವರಿಂದ ಹಣ ಕೇಳಬಾರದು. ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅವರಿಗೆ ರಕ್ಷಣೆ ನೀಡಿದೆ. ಆದ್ದರಿಂದ 'ಕೇಸಿನ ತಲೆಬಿಸಿ ಬೇಡ' ಎಂದು ಯಾರೂ ಹಿಂಜರಿಯಬೇಕಾಗಿಲ್ಲ.

2025ರ ಮೇ 5ರಂದು ಕೇಂದ್ರ ಸರಕಾರ ನಗದುರಹಿತ ಚಿಕಿತ್ಸಾ ಯೋಜನೆಯನ್ನು ಜಾರಿಗೆ ತಂದಿದೆ. ಅದರಂತೆ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ ಗರಿಷ್ಠ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆ ಸಿಗಬೇಕು. ದಾಖಲಾದ ಕೂಡಲೇ ಇದರ ಬಗ್ಗೆ ವಿಚಾರಿಸಿ.

ಇನ್ನೊಂದು ಮುಖ್ಯ ವಿಷಯ. ಗಾಬರಿಯಲ್ಲಿ ಮನೆಯವರು ವೈದ್ಯರ ಬಳಿ 'ಬೈಕಿನಿಂದ ಬಿದ್ದ' ಎಂದಷ್ಟೇ ಹೇಳಿಬಿಡುತ್ತಾರೆ. ಅದು ಹಾಗೆಯೇ ಆಸ್ಪತ್ರೆಯ ಪುಸ್ತಕದಲ್ಲಿ ದಾಖಲಾಗುತ್ತದೆ. ವರ್ಷ ಕಳೆದು ನ್ಯಾಯಾಲಯದಲ್ಲಿ ವಿಮಾ ಕಂಪೆನಿಯ ವಕೀಲರು ಅದೇ ಹಾಳೆಯನ್ನು ಎತ್ತಿ ತೋರಿಸಿ, 'ಇವರು ತಾವೇ ಬಿದ್ದದ್ದು, ಲಾರಿಗೆ ಸಂಬಂಧವಿಲ್ಲ' ಎಂದು ವಾದಿಸುತ್ತಾರೆ. ಆದ್ದರಿಂದ ನಡೆದದ್ದನ್ನು ನಡೆದಂತೆಯೇ ಹೇಳಿ: ಎಲ್ಲಿ, ಎಷ್ಟು ಗಂಟೆಗೆ, ಯಾವ ವಾಹನ.

ಪೊಲೀಸ್ ಠಾಣೆಯಲ್ಲಿ

ದೂರು ತಡವಾದಷ್ಟೂ ಸಂಶಯ ಹೆಚ್ಚು. ಗಾಯಾಳುವಿಗೆ ಪ್ರಜ್ಞೆ ಇಲ್ಲದಿದ್ದರೆ ಮನೆಯವರು ಅಥವಾ ಕಂಡವರು ದೂರು ನೀಡಬಹುದು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೇಳಿ ಪಡೆಯಿರಿ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹೊಸ ನಿಯಮದ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಅಪಘಾತದ ಪ್ರಥಮ ವರದಿಯನ್ನು ಪರಿಹಾರ ನ್ಯಾಯಮಂಡಳಿಗೆ ಕಳುಹಿಸಬೇಕು. 10 ದಿನಗಳೊಳಗೆ ಗಾಯಾಳುವಿಗೆ ಆತನ ಹಕ್ಕುಗಳನ್ನು ತಿಳಿಸುವ ನಮೂನೆ ನೀಡಬೇಕು. 90 ದಿನಗಳೊಳಗೆ ಸವಿವರ ವರದಿ ಸಲ್ಲಿಸಬೇಕು. ಕೊಡದಿದ್ದರೆ ನೀವೇ ಕೇಳಿ. ಕೇಳುವುದು ಉದ್ಧಟತನವಲ್ಲ.

'ರಾಜಿ ಮಾಡಿಕೊಳ್ಳಿ, ಆಸ್ಪತ್ರೆ ಖರ್ಚಿಗೆ ಸ್ವಲ್ಪ ಕೊಡುತ್ತೇವೆ' ಎಂಬ ಮಾತು ಇಂತಹ ಹೊತ್ತಿನಲ್ಲೇ ಬರುತ್ತದೆ. ಗಾಯದ ಆಳ ತಿಳಿಯುವ ಮೊದಲು ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಆರು ತಿಂಗಳ ಗಡುವು

1994ರ ತಿದ್ದುಪಡಿಯ ನಂತರ ಪರಿಹಾರದ ಅರ್ಜಿಗೆ ಕಾಲಮಿತಿ ಇರಲಿಲ್ಲ. ಹಾಗಾಗಿ 'ಕೇಸು ಯಾವಾಗ ಬೇಕಾದರೂ ಹಾಕಬಹುದು' ಎಂಬ ನಂಬಿಕೆ ಈಗಲೂ ಉಳಿದಿದೆ. ಅದು ಸರಿಯಲ್ಲ. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ, ಅವಧಿ ಮೀರಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಮಧ್ಯಂತರ ಆದೇಶ ನೀಡಿತು. ಆದರೆ ಮಧ್ಯಂತರ ಆದೇಶವನ್ನು ನಂಬಿ ಕೈಕಟ್ಟಿ ಕೂರುವುದು ಜಾಣತನವಲ್ಲ. ಆರು ತಿಂಗಳನ್ನೇ ಗಡುವೆಂದು ತಿಳಿಯಿರಿ.

ಅಪಘಾತ ನಡೆದ ಊರಿನ ನ್ಯಾಯಮಂಡಳಿಗೇ ಹೋಗಬೇಕೆಂದಿಲ್ಲ. ಗಾಯಾಳು ವಾಸಿಸುವ ಊರಿನಲ್ಲೂ ಅರ್ಜಿ ಹಾಕಬಹುದು. ಕುಲಶೇಖರದಲ್ಲಿ ಗಾಯಗೊಂಡ ಕಾಸರಗೋಡಿನವರು ಕಾಸರಗೋಡಿನಲ್ಲೇ ಪರಿಹಾರ ಕೇಳಬಹುದು. ಚಾಲಕನ ಮೇಲಿನ ಕ್ರಿಮಿನಲ್ ಕೇಸೇ ಬೇರೆ, ಈ ಅರ್ಜಿಯೇ ಬೇರೆ. ಅದು ಮುಗಿಯಲಿ ಎಂದು ಕಾಯಬೇಕಾಗಿಲ್ಲ.

ಪರಿಹಾರ ಯಾವುದಕ್ಕೆಲ್ಲ?

ಆಸ್ಪತ್ರೆಯ ಬಿಲ್ಲು ಮಾತ್ರ ಸಿಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಸುಪ್ರೀಂ ಕೋರ್ಟ್ 2010ರ ಅಕ್ಟೋಬರ್‌ನಲ್ಲಿ ನೀಡಿದ ಒಂದು ತೀರ್ಪಿನಲ್ಲಿ ಗಾಯಾಳುವಿಗೆ ಸಲ್ಲಬೇಕಾದುದನ್ನು ಪಟ್ಟಿ ಮಾಡಿದೆ. ಚಿಕಿತ್ಸೆ, ಔಷಧಿ, ಓಡಾಟ, ಪೌಷ್ಟಿಕ ಆಹಾರದ ಖರ್ಚು, ಹಾಸಿಗೆಯಲ್ಲಿದ್ದ ಕಾಲದ ಸಂಬಳ, ಶಾಶ್ವತ ಊನದಿಂದ ಮುಂದೆ ಕಳೆದುಕೊಳ್ಳುವ ದುಡಿಮೆ, ಮುಂದಿನ ಚಿಕಿತ್ಸೆ, ಅನುಭವಿಸಿದ ನೋವು, ಬದುಕಿನ ಸಹಜ ಸುಖಗಳ ನಷ್ಟ.

ಅದೇ ತೀರ್ಪು ಇನ್ನೊಂದು ಸೂಕ್ಷ್ಮವನ್ನು ಹೇಳಿದೆ. ವೈದ್ಯರು ಬರೆಯುವ ಊನದ ಶೇಕಡಾವಾರು ಬೇರೆ, ದುಡಿಮೆಯ ನಷ್ಟ ಬೇರೆ. ಎಡಗೈ ಕಳೆದುಕೊಂಡ ಬಡಗಿ ಅಥವಾ ಚಾಲಕ ಬಹುತೇಕ ತನ್ನ ಎಲ್ಲ ದುಡಿಮೆಯನ್ನೂ ಕಳೆದುಕೊಳ್ಳುತ್ತಾನೆ. ಅದೇ ಗಾಯವಾದ ಸರಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ಆದ್ದರಿಂದ ಗಾಯಾಳು ಮೊದಲು ಯಾವ ಕೆಲಸ ಮಾಡುತ್ತಿದ್ದ, ಈಗ ಅದರಲ್ಲಿ ಏನನ್ನು ಮಾಡಲಾರ ಎಂಬುದನ್ನು ನ್ಯಾಯಾಲಯದ ಮುಂದೆ ಬಿಡಿಸಿ ಹೇಳಬೇಕು.

ಲೆಕ್ಕ ಹೀಗಿದೆ. 32 ವರ್ಷದ ಒಬ್ಬ ಮೀನು ವ್ಯಾಪಾರಿಯ ತಿಂಗಳ ಆದಾಯ 15 ಸಾವಿರ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 1,80,000. ಸ್ವಂತ ದುಡಿಮೆಯ, 40 ವರ್ಷದೊಳಗಿನವರಿಗೆ ಮುಂದಿನ ಏಳಿಗೆಗೆಂದು 40 ಶೇಕಡಾ ಸೇರಿಸಬೇಕೆಂದು 2017ರ ಪ್ರಣಯ್ ಸೇಠಿ ತೀರ್ಪು ಹೇಳಿದೆ. ಆಗ 2,52,000. ಸರಳಾ ವರ್ಮಾ ಪ್ರಕರಣದಲ್ಲಿ (2009) ನಿಗದಿಯಾದ ಕೋಷ್ಟಕದಂತೆ 31ರಿಂದ 35 ವಯಸ್ಸಿಗೆ ಗುಣಕ 16. ಗುಣಿಸಿದರೆ 40,32,000. ದುಡಿಮೆಯ ನಷ್ಟ 40 ಶೇಕಡಾ ಎಂದಾದರೆ 16,12,800 ರೂಪಾಯಿ. ಅದನ್ನೇ 20 ಶೇಕಡಾ ಎಂದು ಬರೆದರೆ 8,06,400. ಒಂದು ಅಂಕಿಯ ವ್ಯತ್ಯಾಸಕ್ಕೆ ಎಂಟು ಲಕ್ಷ!

ಸಂಬಳ ಚೀಟಿ ಇಲ್ಲದವರು

'ನಮಗೆ ಲೆಕ್ಕಪತ್ರ ಎಲ್ಲಿದೆ?' ಎಂದು ಕೂಲಿಯವರು, ಬೀದಿ ವ್ಯಾಪಾರಿಗಳು ಕೇಳುತ್ತಾರೆ. ಇದಕ್ಕೆ ಉತ್ತರ ನಮ್ಮ ಕರ್ನಾಟಕದ ಒಂದು ಪ್ರಕರಣದಲ್ಲೇ ಇದೆ. 2008ರ ಫೆಬ್ರವರಿಯಲ್ಲಿ ಒಬ್ಬ ತರಕಾರಿ ವ್ಯಾಪಾರಿ ಅಪಘಾತದಲ್ಲಿ ಕಾಲು ಕಳೆದುಕೊಂಡರು. ಹೈಕೋರ್ಟ್ ದುಡಿಮೆಯ ನಷ್ಟವನ್ನು 65 ಶೇಕಡಾ ಎಂದಿತು. ಸುಪ್ರೀಂ ಕೋರ್ಟ್ 2014ರ ಜನವರಿಯಲ್ಲಿ ಅದನ್ನು 85 ಶೇಕಡಾಕ್ಕೆ ಏರಿಸಿತು. ದೈಹಿಕ ದುಡಿಮೆಯನ್ನೇ ನಂಬಿದವನಿಗೆ ಅಂಗ ಹೋದರೆ ಜೀವನೋಪಾಯವೇ ಹೋದಂತೆ ಎಂಬುದು ನ್ಯಾಯಾಲಯದ ನಿಲುವು. ಅಸಂಘಟಿತ ವಲಯದವರಿಂದ ಆದಾಯಕ್ಕೆ ಕಾಗದದ ಪುರಾವೆ ಬಯಸಬಾರದೆಂದು ಹೇಳಿ, ತಿಂಗಳಿಗೆ 6,500 ರೂ. ಆದಾಯವೆಂದು ಒಪ್ಪಿ, ದುಡಿಮೆಯ ನಷ್ಟಕ್ಕೇ 17,90,100 ರೂ. ನಿಗದಿ ಮಾಡಿತು.

ಗೃಹಿಣಿಯ ದುಡಿಮೆಗೂ ಬೆಲೆ ಇದೆ. ಮನೆ ನಡೆಸುವವಳಿಗೆ ಆದಾಯವಿಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2021ರ ಜನವರಿಯ ತೀರ್ಪಿನಲ್ಲಿ ತಳ್ಳಿಹಾಕಿದೆ. ಅಡುಗೆ, ಮಕ್ಕಳ ಪಾಲನೆ, ವೃದ್ಧರ ಸೇವೆಗೆ ಆದಾಯ ಅಂದಾಜಿಸಲೇಬೇಕು. ಮನೆಯ ಮಹಿಳೆ ಗಾಯಗೊಂಡರೆ ಕೇವಲ ಔಷಧಿ ಖರ್ಚು ಕೇಳಿ ಸುಮ್ಮನಾಗಬೇಡಿ.

ಲಾರಿ ಪರಾರಿಯಾದರೆ, ಲಾರಿಯಲ್ಲೇ ಇದ್ದರೆ

ಢಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೂ ಸರಕಾರದ ಯೋಜನೆಯಿದೆ. 2022ರ ಏಪ್ರಿಲ್‌ನಿಂದ ಮೃತರ ಕುಟುಂಬಕ್ಕೆ 2 ಲಕ್ಷ, ಗಂಭೀರ ಗಾಯಕ್ಕೆ 50 ಸಾವಿರ ರೂಪಾಯಿ. ಅರ್ಜಿಯನ್ನು ಪರಿಹಾರ ವಿಚಾರಣಾ ಅಧಿಕಾರಿಯಾಗಿರುವ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಗೆ ಸಲ್ಲಿಸಬೇಕು.

ತಪ್ಪು ಯಾರದೆಂದು ಸಾಬೀತುಪಡಿಸದೆಯೇ 164ನೇ ಕಲಮಿನಡಿ ಸಾವಿಗೆ 5 ಲಕ್ಷ, ಗಂಭೀರ ಗಾಯಕ್ಕೆ ಎರಡೂವರೆ ಲಕ್ಷ ಪಡೆಯುವ ದಾರಿಯೂ ಇದೆ. ಆದರೆ ಹೆಚ್ಚಿನ ನಷ್ಟವಾದವರಿಗೆ 166ನೇ ಕಲಮೇ ಮೇಲು.

ಲಾರಿಯ ಚಾಲಕ, ಕ್ಲೀನರ್ ಗಾಯಗೊಂಡರೆ ಕಾರ್ಮಿಕ ಪರಿಹಾರ ಕಾನೂನು ಅಥವಾ ಮೋಟಾರು ವಾಹನ ಕಾಯ್ದೆ ಇವೆರಡರಲ್ಲಿ ಒಂದನ್ನು ಆಯ್ದುಕೊಳ್ಳಬೇಕು. ಸರಕಿನ ಮಾಲಕ ಅಥವಾ ಆತನ ಪ್ರತಿನಿಧಿಯಾಗಿ ಲಾರಿಯಲ್ಲಿದ್ದವರಿಗೆ ವಿಮೆಯ ರಕ್ಷಣೆಯಿದೆ. ಸುಮ್ಮನೆ ಹತ್ತಿದ ಪ್ರಯಾಣಿಕನಿಗೆ ಇಲ್ಲ. ಲಾರಿಯ ಸರಕಿನ ಮೇಲೆ ಕೂತು ಮದುವೆಗೋ ಜಾತ್ರೆಗೋ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಜೋಪಾನವಾಗಿಡಬೇಕಾದವು

* ಎಫ್‌ಐಆರ್, ಮಹಜರು, ಸ್ಥಳದ ನಕ್ಷೆ, ದೋಷಾರೋಪ ಪಟ್ಟಿ
* ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ
* ಔಷಧಿಯ ಪ್ರತಿಯೊಂದು ಬಿಲ್ಲು, ಆಂಬುಲೆನ್ಸ್ ಮತ್ತು ರಿಕ್ಷಾದ ಖರ್ಚಿನ ಚೀಟಿ
* ಲಾರಿಯ ನೋಂದಣಿ, ವಿಮೆ, ಪರ್ಮಿಟ್ ಮತ್ತು ಚಾಲಕನ ಲೈಸೆನ್ಸಿನ ಪ್ರತಿ
* ವಯಸ್ಸು ಮತ್ತು ಆದಾಯದ ದಾಖಲೆ, ಬ್ಯಾಂಕ್ ಪುಸ್ತಕ

ವಕೀಲರ ವಿಷಯ

'ಬಂದದ್ದರಲ್ಲಿ ಇಷ್ಟು ಪಾಲು' ಎಂಬ ಒಪ್ಪಂದವನ್ನು ವಕೀಲರ ಪರಿಷತ್ತಿನ ನಿಯಮವೇ ಒಪ್ಪುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲೇ ಕೇಸು ಹುಡುಕುವ ದಲ್ಲಾಳಿಗಳಿಂದ ದೂರವಿರಿ. ಮಹಿಳೆಯರು, ಮಕ್ಕಳು, ವಿಕಲಚೇತನರು ಮತ್ತು ಬಡವರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಮಹಿಳೆಯರಿಗೆ ಇದರಲ್ಲಿ ಆದಾಯದ ಮಿತಿಯೂ ಇಲ್ಲ. ದೂರವಾಣಿ 15100. ಲೋಕ ಅದಾಲತ್‌ನಲ್ಲಿ ಕೇಸು ಬೇಗ ಮುಗಿಯುತ್ತದೆ, ನಿಜ. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಲೆಕ್ಕ ಹಾಕಿಯೇ ಒಪ್ಪಿರಿ.

ಕ್ಷಮೆ ಬೇರೆ, ಹಕ್ಕು ಬೇರೆ

'ಎಲ್ಲ ಅಲ್ಲಾಹನ ವಿಧಿ, ಪಾಪದ ಡ್ರೈವರ್, ಅವನಿಗೂ ಮಕ್ಕಳಿದ್ದಾರೆ' ಎಂದು ಅರ್ಜಿಯನ್ನೇ ಹಾಕದವರಿದ್ದಾರೆ. ಆ ಮನಸ್ಸು ದೊಡ್ಡದು. ಚಾಲಕನನ್ನು ಕ್ಷಮಿಸಿ, ತಡೆಯುವವರಿಲ್ಲ. ಆದರೆ ವಿಮೆಯಿರುವ ಲಾರಿಯಾದರೆ ಪರಿಹಾರ ಸಾಮಾನ್ಯವಾಗಿ ಆತನ ಜೇಬಿನಿಂದ ಬರುವುದಲ್ಲ. ಇಂತಹ ದಿನಕ್ಕೆಂದೇ ಲಾರಿಯ ಮಾಲಕರು ಕಡ್ಡಾಯವಾಗಿ ವಿಮಾ ಕಂತು ಕಟ್ಟಿರುತ್ತಾರೆ. ಅದನ್ನು ಕೇಳದೆ ಬಿಟ್ಟರೆ ಲಾಭ ಕಂಪೆನಿಗೆ, ನಷ್ಟ ನಮ್ಮ ಮನೆಯ ಮಕ್ಕಳ ಶಾಲೆಗೆ, ಊಟಕ್ಕೆ. ಅಷ್ಟೇ ಮುಖ್ಯವಾದದ್ದು ಸತ್ಯ. ಹೆಚ್ಚು ಸಿಗಲೆಂದು ಸುಳ್ಳು ಬಿಲ್ಲು, ಸುಳ್ಳು ಸಾಕ್ಷಿ, ಬೇರೆ ವಾಹನದ ನಂಬರು ತೋರಿಸುವುದು ಅಪರಾಧ. ಅದು ನಿಜವಾದ ಗಾಯಾಳುಗಳ ಮೇಲೂ ಸಂಶಯ ತರುತ್ತದೆ.

ನಿಮ್ಮ ಮೊಹಲ್ಲಾದಲ್ಲಿ, ನೆರೆಮನೆಯಲ್ಲಿ ಇಂತಹ ಗಾಯಾಳು ಇದ್ದರೆ ಹಣ್ಣು ಹಿಡಿದು ನೋಡಲು ಹೋದಾಗ ಒಂದು ಪ್ರಶ್ನೆ ಕೇಳಿ: ಅಪಘಾತವಾಗಿ ಎಷ್ಟು ದಿನವಾಯಿತು, ಅರ್ಜಿ ಹಾಕಿದ್ದೀರಾ?