ಮೂವತ್ತು ರೂಪಾಯಿಯ ತಪ್ಪು

ದಿನಸಿ ಅಂಗಡಿಯವರೊಬ್ಬರಿಗೆ ಒಂದು ಪುಟ್ಟ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಹಬ್ಬದ ವಾರ ಅವರು ಮನೆಗೆ ತಲುಪಿಸುವ ಶುಲ್ಕವನ್ನು ಸೊನ್ನೆ ಮಾಡಿದರು. ಸಂಜೆಗೇ ಫೋನು: "ಏನ್ ಸಾರ್ ಇದು, ಡೆಲಿವರಿ ಫ್ರೀ ಅಂತ ಬೋರ್ಡ್ ಹಾಕಿದೀನಿ, ಬಿಲ್ಲಲ್ಲಿ ಮೂವತ್ತು ರೂಪಾಯಿ ಬರ್ತಾ ಇದೆ. ಗಿರಾಕಿಗಳು ನನ್ನನ್ನ ಬೈತಿದಾರೆ."

ಹುಡುಕಿದರೆ ಸಿಕ್ಕಿದ್ದು ನಾನೇ ಬರೆದ ಸಾಲು:

ಶುಲ್ಕ = ಅಂಗಡಿದರ || 30

(ಜಾವಾಸ್ಕ್ರಿಪ್ಟ್‌ನಲ್ಲಿ ಹೀಗೆ ಕನ್ನಡದಲ್ಲೇ ಹೆಸರಿಟ್ಟರೂ ನಡೆಯುತ್ತದೆ. ಇಡುವವರನ್ನು ಮಾತ್ರ ನಾನು ಕಂಡಿಲ್ಲ.)

ವೇರಿಯಬಲ್ ಎಂದರೆ ಹೆಸರು ಅಂಟಿಸಿದ ಡಬ್ಬ. ಅದಕ್ಕೆ ಏನು ತುಂಬಬೇಕೆಂಬುದು ಷರತ್ತಿನ ಮೇಲೆ ನಿಂತಿದ್ದರೆ ಇಫ್-ಎಲ್ಸ್ ಬರೆಯಬಹುದು, ನಾಲ್ಕೈದು ಸಾಲಾಗುತ್ತದೆ. ಅದನ್ನೇ ಒಂದು ಸಾಲಿಗೆ ಇಳಿಸುವುದು ಟರ್ನರಿ, ಸಿ ಭಾಷೆಯಿಂದ ಬಂದ ಬಳುವಳಿ:

ಶುಲ್ಕ = ಬಿಲ್ಲು >= 500 ? 0 : 30

ಬಿಲ್ಲು ಐನೂರು ಮುಟ್ಟಿದರೆ ಸೊನ್ನೆ, ಇಲ್ಲವಾದರೆ ಮೂವತ್ತು. ಒಂದರ ಹೊಟ್ಟೆಯೊಳಗೆ ಇನ್ನೊಂದು ಟರ್ನರಿ ತುರುಕುವವರ ಕೋಡ್ ಓದುವ ಶಿಕ್ಷೆ ಯಾರಿಗೂ ಬೇಡ.

ನನ್ನನ್ನು ಕೆಡವಿದ್ದು ಮಾತ್ರ ಟರ್ನರಿಯಲ್ಲ, ಮೊದಲ ಸಾಲಿನ ಆ ಎರಡು ಗೀಟು (||). ಅಂಗಡಿಯವರು ದರ ತುಂಬದೇ ಬಿಟ್ಟರೆ ಮೂವತ್ತು ಬರಲಿ ಎಂದು ಹಾಕಿದ್ದೆ. ಆದರೆ ಎಡಗಡೆಯದು 'ಸುಳ್ಳು' ಎನಿಸಿದರೂ ಸಾಕು, ಜಾವಾಸ್ಕ್ರಿಪ್ಟ್ ಬಲಗಡೆಯದನ್ನು ಎತ್ತಿಕೊಳ್ಳುತ್ತದೆ. ಫಾಲ್ಸ್, ನಲ್, ಅನ್‌ಡಿಫೈನ್ಡ್‌ಗಳ ಜೊತೆ ಸೊನ್ನೆ, ಖಾಲಿ ಸ್ಟ್ರಿಂಗ್ ಕೂಡ ಅದರ ಲೆಕ್ಕದಲ್ಲಿ ಸುಳ್ಳೇ. ತಮಾಷೆಯೆಂದರೆ, ಉದ್ಧರಣ ಚಿಹ್ನೆಯೊಳಗೆ ಕೂತ "0" ಮಾತ್ರ ನಿಜ! ಅಂಗಡಿಯವರು ಬಾಯಿಬಿಟ್ಟು ಸೊನ್ನೆ ಎಂದಿದ್ದರು. ಅವರು ಬಾಯೇ ಬಿಟ್ಟಿಲ್ಲವೆಂದು ನನ್ನ ಸಾಲು ತಿಳಿಯಿತು. ನಾನು 20 ಹಾಕಿ ನೋಡಿದ್ದೆ, 50 ಹಾಕಿ ನೋಡಿದ್ದೆ, ಖಾಲಿ ಬಿಟ್ಟೂ ನೋಡಿದ್ದೆ. ಸೊನ್ನೆ ಹಾಕಿ ನೋಡುವ ಬುದ್ಧಿ ಬರಲಿಲ್ಲ.

1995ರಲ್ಲಿ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಕಟ್ಟಿದರು. ಆದರೆ ಈ ತೊಡಕಿಗೆ ನೇರ ಮದ್ದು ಸಿಕ್ಕಿದ್ದು 2020ರ ಆವೃತ್ತಿಯಲ್ಲಿ, ಎರಡು ಪ್ರಶ್ನೆಚಿಹ್ನೆಯ ರೂಪದಲ್ಲಿ:

ಶುಲ್ಕ = ಅಂಗಡಿದರ ?? 30

ಎಡಗಡೆ ನಲ್ ಅಥವಾ ಅನ್‌ಡಿಫೈನ್ಡ್ ಇದ್ದರಷ್ಟೇ ಇದು ಬಲಕ್ಕೆ ತಿರುಗುತ್ತದೆ, ಸೊನ್ನೆಯನ್ನು ಸೊನ್ನೆಯಾಗಿಯೇ ಉಳಿಸುತ್ತದೆ. ಮರುವರ್ಷ ??= ಕೂಡ ಬಂತು: ಡಬ್ಬ ಬರಿದಾಗಿದ್ದರೆ ಮಾತ್ರ ತುಂಬು ಎಂದು ಅದರ ಅರ್ಥ.

ಗೀಟು ಅಳಿಸಿ ಪ್ರಶ್ನೆಚಿಹ್ನೆ ಹಾಕಲು ಹಿಡಿದದ್ದು ಅರ್ಧ ನಿಮಿಷ. ಅಷ್ಟರಲ್ಲಾಗಲೇ ಹನ್ನೊಂದು ಬಿಲ್ಲು ಹೋಗಿತ್ತು. ಆ 330 ರೂಪಾಯಿಯನ್ನು ಅಂಗಡಿಯವರು ಹಬ್ಬದ ಹಿಂದಿನ ರಾತ್ರಿ ಮನೆಮನೆಗೆ ಹೋಗಿ ವಾಪಸ್ ಕೊಟ್ಟು ಬಂದರು.